ಕಣ್ಣು ಮುಚ್ಚಿ ಕೂತವರ ನಂಬಿಕೆ: ಬ್ಯೂಟಿ ಪಾರ್ಲರ್ ಉಪಕರಣಗಳ ಸುರಕ್ಷತೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಸ್ವಉದ್ಯೋಗ ತರಬೇತಿಯಲ್ಲಿ ಮಾಡಿದ ಭಾಷಣ)



ನಾವು ಒಂದೇ ಸಂಘದ ನಾಲ್ಕು ಜನ. ಸಂಘದಿಂದ ಸಾಲ ಪಡೆದು ಒಂದು ಸಣ್ಣ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇವೆ. ನಿಮ್ಮಲ್ಲಿ ಕೆಲವರು ಇದೇ ಕೆಲಸಕ್ಕೆ ಕೈ ಹಾಕಲು ಹೊರಟವರು. ಲಾಭದ ಲೆಕ್ಕವನ್ನು ಬೇರೆಯವರು ಹೇಳುತ್ತಾರೆ. ನಾವು ಉಪಕರಣಗಳ ಬಗ್ಗೆ ಮಾತ್ರ ಹೇಳುತ್ತೇವೆ. ಯಾಕೆಂದರೆ ನಾವು ಪೆಟ್ಟು ತಿಂದದ್ದು ಅಲ್ಲಿಯೇ.

ಪಾರ್ಲರ್ ತೆರೆದ ಮೊದಲ ವರ್ಷ ನಮ್ಮ ವ್ಯಾಕ್ಸ್ ಹೀಟರಿನ ದೀಪ ಆರುತ್ತಲೇ ಇರಲಿಲ್ಲ. ಬೇಕಾದಷ್ಟು ಬಿಸಿಯಾದ ಮೇಲೆ ಅದು ತಾನಾಗಿ ಆರಬೇಕು. ಆರದಿದ್ದರೆ ಒಳಗಿನ ಥರ್ಮೋಸ್ಟಾಟ್ ಕೆಟ್ಟಿದೆ ಅಂತ ಅರ್ಥ. ನಾವು ನಾಲ್ವರೂ ನೋಡಿದ್ದೆವು. “ಈ ವಾರ ಮದುವೆ ಸೀಸನ್, ಮುಗೀಲಿ, ಆಮೇಲೆ ರಿಪೇರಿ ಮಾಡಿಸೋಣ” ಅಂದುಕೊಂಡೆವು. ಮೂರನೇ ದಿನ ಒಬ್ಬ ಹುಡುಗಿಯ ಕೈ ಸುಟ್ಟಿತು. ಇನ್ನು ನಾಲ್ಕು ದಿನಕ್ಕೆ ಅವಳ ನಿಶ್ಚಿತಾರ್ಥ. ಆಸ್ಪತ್ರೆಯ ಖರ್ಚು ನಾವೇ ಕೊಟ್ಟೆವು. ಆದರೆ ಅವಳ ತಾಯಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ನಿಮ್ಮನ್ನ ನಂಬಿ ಕಳಿಸಿದ್ದೆ ಕಣ್ರಮ್ಮಾ.” ಎರಡು ತಿಂಗಳು ಆ ಬೀದಿಯಿಂದ ಯಾರೂ ಬರಲಿಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬಂತು.

ಅಂದಿನಿಂದ ನಾವು ಪಾಲಿಸುತ್ತಿರುವುದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು ವ್ಯಾಕ್ಸ್ ಹೀಟರ್. ಪ್ರತಿ ಸಲವೂ ಮೊದಲು ನಮ್ಮ ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಬೇಕು. ನಮಗೆ ಸುಡುವುದು ಗಿರಾಕಿಗೂ ಸುಡುತ್ತದೆ. ಒಮ್ಮೆ ಚರ್ಮಕ್ಕೆ ತಾಗಿಸಿದ ಕಡ್ಡಿಯನ್ನು ಮತ್ತೆ ಡಬ್ಬಿಗೆ ಅದ್ದಬಾರದು. ಸ್ಪ್ರೇ, ಸ್ಪಿರಿಟ್, ಉಗುರುಬಣ್ಣ ತೆಗೆಯುವ ಅಸಿಟೋನ್ ಹೀಟರ್ ಹತ್ತಿರ ಇರಲೇಬಾರದು. ಅವು ಬೇಗ ಬೆಂಕಿ ಹಿಡಿಯುತ್ತವೆ. ಅಕಸ್ಮಾತ್ ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಪೇಸ್ಟು, ಇಂಕು, ತುಪ್ಪ ಬೇಡ. ಆಮೇಲೆ ವೈದ್ಯರಿಗೆ ತೋರಿಸಿ.

ಎರಡನೆಯದು ಕರೆಂಟು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪನೆಯದು ಅರ್ಥಿಂಗ್ ಪಿನ್. ಅದು ಜೀವ ಉಳಿಸುವ ಪಿನ್. ಸಾಕೆಟ್ಟಿಗೆ ಹೋಗಲಿಲ್ಲ ಅಂತ ಅದನ್ನು ಕತ್ತರಿಸಬೇಡಿ. ಹೀಟರ್, ಸ್ಟೀಮರ್, ಡ್ರೈಯರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ವೈರು ಕಾದು ಕರಗುತ್ತದೆ. ಬಾಡಿಗೆ ಅಂಗಡಿಯಾದರೂ ಸರಿ, ಮಾಲೀಕರ ಜೊತೆ ಮಾತಾಡಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದರೆ ಅದು ತಕ್ಷಣ ಲೈನ್ ಕಡಿಯುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಡ್ರೈಯರಿನ ಹಿಂದಿನ ಜಾಲರಿಯಲ್ಲಿ ಕೂದಲು ತುಂಬಿದರೆ ಗಾಳಿ ಸಿಗದೆ ಒಳಗೆ ಸುಡುತ್ತದೆ. ವಾರಕ್ಕೊಮ್ಮೆ ಹಳೆ ಬ್ರಷ್ಷಿನಿಂದ ಸ್ವಚ್ಛ ಮಾಡಿ. ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟಬೇಡಿ, ಮೊದಲು ಮೇನ್ ಸ್ವಿಚ್ ಆರಿಸಿ.

ಮೂರನೆಯದು ಸ್ಟೀಮರ್. ಬೋರ್‌ವೆಲ್ ನೀರು ಹಾಕಿದರೆ ಒಳಗೆ ಬಿಳಿ ಪದರ ಕಟ್ಟುತ್ತದೆ. ಆಮೇಲೆ ಹಬೆಯ ಜೊತೆ ಕುದಿಯುವ ನೀರಿನ ಹನಿ ಮುಖಕ್ಕೆ ಸಿಡಿಯುತ್ತದೆ. ಬಟ್ಟಿ ಇಳಿಸಿದ ನೀರು ಅಥವಾ ಆರ್‌ಓ ನೀರು ಬಳಸಿ. ಗುರುತಿಗಿಂತ ಮೇಲೆ ತುಂಬಬೇಡಿ. ಪ್ಲಗ್ ತೆಗೆಯದೆ ನೀರು ಹಾಕಬೇಡಿ. ಹಬೆ ಸಮನಾಗಿ ಬರುವ ತನಕ ಮೂತಿಯನ್ನು ಗಿರಾಕಿಯ ಕಡೆ ತಿರುಗಿಸಬೇಡಿ. ಮುಖಕ್ಕೂ ಮೂತಿಗೂ ಒಂದು ಅಡಿಗಿಂತ ಹೆಚ್ಚು ಅಂತರ ಇರಲಿ.

ನಾಲ್ಕನೆಯದು ಕಣ್ಣಿಗೆ ಕಾಣದ ಅಪಾಯ, ಅಂದರೆ ರೋಗಾಣು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಬದುಕಿರಬಲ್ಲದು. ಆದ್ದರಿಂದ ಪ್ರತಿ ಗಿರಾಕಿಗೂ ಹೊಸ ಬ್ಲೇಡ್. ಹುಬ್ಬು ಮಾಡುವಾಗ ದಾರವನ್ನು ಬಾಯಲ್ಲಿ ಕಚ್ಚುವ ಬದಲು ಕತ್ತಿಗೆ ಕಟ್ಟಿಕೊಳ್ಳುವುದನ್ನು ಅಭ್ಯಾಸ ಮಾಡಿ. ಕತ್ತರಿ, ಚಿಮಟ, ಬ್ಲ್ಯಾಕ್‌ಹೆಡ್ ತೆಗೆಯುವ ಕಡ್ಡಿಗಳನ್ನು ಸೋಪು ಹಾಕಿ ಬ್ರಷ್ಷಿನಿಂದ ತಿಕ್ಕಿ ತೊಳೆದು, 20 ನಿಮಿಷ ಕುದಿಸಿ, ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿಡಿ. ನಾವೂ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಕಿಸಿಕೊಂಡಿದ್ದೇವೆ. ನೀವೂ ವೈದ್ಯರನ್ನು ಕೇಳಿ.

“ನಮ್ಮಲ್ಲಿ ನೀಲಿ ಲೈಟಿನ ಪೆಟ್ಟಿಗೆ ಇದೆಯಲ್ಲ” ಅಂತ ಕೆಲವರು ಕೇಳುತ್ತಾರೆ. ನಾವೂ ಹಾಗೇ ನಂಬಿ, ತೊಳೆಯದ ಕತ್ತರಿಯನ್ನು ಅದರೊಳಗೆ ಇಡುತ್ತಿದ್ದೆವು. ಅದರಲ್ಲಿರುವುದು ನೇರಳಾತೀತ ಕಿರಣ, ಅಂದರೆ ಯುವಿ. ಆ ಕಿರಣ ಬಿದ್ದ ಜಾಗದಲ್ಲಿ ಮಾತ್ರ ರೋಗಾಣು ಸಾಯುತ್ತದೆ. ಕತ್ತರಿಯ ಕೆಳಭಾಗ, ಸಂದು, ಕೊಳೆಯ ಅಡಿ ಹಾಗೆಯೇ ಉಳಿಯುತ್ತದೆ. ನೀಲಿ ಬೆಳಕು ಕಾಣುತ್ತಿದ್ದರೂ ದಿನ ಕಳೆದಂತೆ ಬಲ್ಬಿನ ಶಕ್ತಿ ಕುಗ್ಗುತ್ತದೆ. ಆ ಪೆಟ್ಟಿಗೆ ಶುದ್ಧ ಮಾಡಿದ ಸಾಮಾನು ಇಡುವುದಕ್ಕೆ, ಶುದ್ಧ ಮಾಡುವುದಕ್ಕಲ್ಲ. ಬಾಗಿಲು ತೆರೆದು ಲೈಟು ಉರಿಸಬೇಡಿ, ಕಣ್ಣಿಗೆ ಪೆಟ್ಟು.

ಯುವಿ ಅಂದಾಗ ಇನ್ನೊಂದು ಮಾತು. ನಮ್ಮಲ್ಲಿ ಬಿಸಿಲಿಗೆ ಕಪ್ಪಾದೆ ಅಂತ ಡಿ-ಟ್ಯಾನ್ ಮಾಡಿಸಲು ದುಡ್ಡು ಕೊಡುತ್ತಾರೆ. ಕೆಲವು ದೇಶಗಳಲ್ಲಿ ಬಿಳಿ ಮೈಯನ್ನು ಕಂದು ಮಾಡಿಕೊಳ್ಳಲು ಯುವಿ ದೀಪಗಳ ಹಾಸಿಗೆಯಲ್ಲಿ ಮಲಗಿ ದುಡ್ಡು ಕೊಡುತ್ತಾರೆ. ಅದಕ್ಕೆ ಟ್ಯಾನಿಂಗ್ ಅನ್ನುತ್ತಾರೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆ ಯಂತ್ರಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವಂಥವು ಎಂದು ಪಟ್ಟಿ ಮಾಡಿತು. ಅದೇ ವರ್ಷ ಬ್ರೆಜಿಲ್ ದೇಶ ಸೌಂದರ್ಯಕ್ಕಾಗಿ ಅವನ್ನು ಬಳಸುವುದನ್ನೇ ನಿಷೇಧಿಸಿತು. ಎಷ್ಟು ಚೆನ್ನಾಗಿ ಸರ್ವಿಸ್ ಮಾಡಿಸಿದರೂ ಸುರಕ್ಷಿತ ಆಗದ ಯಂತ್ರವೂ ಇದೆ ಅಂತ ಇದರಿಂದ ತಿಳಿಯುತ್ತದೆ. ನಾಳೆ ನಿಮ್ಮ ಅಂಗಡಿಗೂ ಯಾರೋ ಹೊಸ ಯಂತ್ರ ತಂದು “ಕಂತಿನಲ್ಲಿ ಕೊಡ್ತೀವಿ ಮೇಡಂ” ಅನ್ನುತ್ತಾರೆ. ಏನು ಕಿರಣ, ಯಾರು ಬಳಸಬಹುದು, ಕೆಟ್ಟರೆ ಯಾರು ಬರುತ್ತಾರೆ ಅಂತ ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ.

ಕೊನೆಯದಾಗಿ, ಸಂಘದಲ್ಲಿ ನಿರ್ಣಯ ಪುಸ್ತಕ, ಉಳಿತಾಯ ಪುಸ್ತಕ ಬರೆಯುವುದು ನಮಗೆ ಗೊತ್ತು. ಹಾಗೆಯೇ ನಾವು ಉಪಕರಣ ಪುಸ್ತಕ ಇಟ್ಟಿದ್ದೇವೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತು ನಿಮಿಷ ವೈರು, ಪ್ಲಗ್, ಹೀಟರಿನ ದೀಪ, ಸ್ಟೀಮರಿನ ನೀರು, ತೊಳೆದ ಕತ್ತರಿ ನೋಡಿ ಸರದಿಯಲ್ಲಿ ಒಬ್ಬರು ಸಹಿ ಹಾಕುತ್ತೇವೆ. ಕೆಟ್ಟದ್ದಕ್ಕೆ ಕೆಂಪು ದಾರ ಕಟ್ಟುತ್ತೇವೆ. ದಾರ ಬಿಚ್ಚುವುದು ರಿಪೇರಿ ಆದ ಮೇಲೆ ಮಾತ್ರ, ಎಷ್ಟೇ ಗಿರಾಕಿ ಇರಲಿ. ತಿಂಗಳ ಆದಾಯ ಹಂಚಿಕೊಳ್ಳುವ ಮೊದಲು ರಿಪೇರಿಗೆ ಅಂತ ಒಂದು ಪಾಲು ತೆಗೆದಿಡುತ್ತೇವೆ. “ದುಡ್ಡಿಲ್ಲ, ಆಮೇಲೆ ನೋಡೋಣ” ಅನ್ನುವ ಮಾತು ಈಗ ನಮ್ಮಲ್ಲಿಲ್ಲ.

ಆ ತಾಯಿ ಕಳೆದ ವರ್ಷ ಕಿರಿಮಗಳನ್ನು ಕರಕೊಂಡು ಬಂದರು. ಏನೂ ಮಾತಾಡಲಿಲ್ಲ. ನಾವು ಮುಂಗೈಗೆ ವ್ಯಾಕ್ಸ್ ಹಚ್ಚಿ ನೋಡುವುದನ್ನು ಸುಮ್ಮನೆ ನೋಡುತ್ತಾ ಕೂತಿದ್ದರು.