ಪೇಪರಿನ ಚಿತ್ರಕ್ಕೆ ಸಿಗದ ವಲಸೆ

(ಅರಸೀಕೆರೆಯಲ್ಲಿ ರೈತರ ಸಭೆಯೊಂದರಲ್ಲಿ ಆಡಿದ ಮಾತು)



2023ರ ಸೆಪ್ಟೆಂಬರಿನ ಪತ್ರಿಕೆಗಳನ್ನು ಜ್ಞಾಪಿಸಿಕೊಳ್ಳಿ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು ಅಂತ ಪುಟದ ತುಂಬ ಶಿಲಾಬಾಲಿಕೆಯರು. ಸಂತೋಷವೇ, ಅವು ನಮ್ಮವೇ ತಾನೆ. ಅದೇ ತಿಂಗಳು ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿತು. ಆಮೇಲೆ ಅದು 223ಕ್ಕೆ ಏರಿತು, ರಾಜ್ಯದಲ್ಲಿ ಆಗ ಇದ್ದದ್ದೇ 236. ಬರ ಬಂದಾಗಲೆಲ್ಲ ಬರೋ ಚಿತ್ರ ಆಗಲೂ ಬಂತು: ಬಿರುಕುಬಿಟ್ಟ ಕೆರೆ ಅಂಗಳ, ಬೀಗ ಹಾಕಿದ ಮನೆ, ತಲೆ ಮೇಲೆ ಗಂಟು ಹೊತ್ತ ಹೆಂಗಸು. ಕೆಳಗೆ, ಮಳೆ ಇಲ್ಲದೆ ಜನ ಊರು ಬಿಟ್ಟರು ಅಂತ ಒಂದು ಸಾಲು.

ನನ್ನ ತಕರಾರು ಆ ಸಾಲಿನ ಮೇಲೆ. ಮಳೆ ಕೈಕೊಟ್ಟಿದ್ದು ನಿಜ. ಹವಾಮಾನ ಕೆಟ್ಟಿರೋದೂ ನಿಜ, ಅದನ್ನು ಅರಸೀಕೆರೆಯವರಿಗೆ ಯಾರೂ ಬಂದು ಹೇಳಬೇಕಾಗಿಲ್ಲ. ಆದರೆ ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ, ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಎಂಟು ಸಾವಿರದ ಆಸುಪಾಸು. ಕಾಯಿ ಕಡಿಮೆ, ಇದ್ದ ಕಾಯಿಗೆ ಬೆಲೆ ಕಡಿಮೆ, ಬೋರ್‌ವೆಲ್ ಸಾಲ ಮಾತ್ರ ಕಡಿಮೆಯಾಗಲಿಲ್ಲ. ರಾಜ್ಯ ಕೇಳಿದ ಬರ ಪರಿಹಾರ 18,171 ಕೋಟಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಕೇಂದ್ರ ಒಪ್ಪಿದ್ದು 3,454 ಕೋಟಿ. 2025ರಲ್ಲಿ ಕೊಬ್ಬರಿ ದರ ಏರಿತು ಅನ್ನಿ. ಅಷ್ಟರಲ್ಲಿ ಮರ ಒಣಗಿಸಿಕೊಂಡವನ ಹತ್ತಿರ ಮಾರೋಕೆ ಏನಿತ್ತು? ಪತ್ರಿಕೆಯಲ್ಲಿ ವಲಸೆಯ ಚಿತ್ರ ಒಂದು ಪುಟದಲ್ಲಿ, ಕೊಬ್ಬರಿ ದರ ಇನ್ನೊಂದು ಪುಟದಲ್ಲಿ. ಮಳೆ ಮೇಲೆ ಹೊರಿಸಿಬಿಟ್ಟರೆ ಯಾರೂ ಜವಾಬು ಹೇಳಬೇಕಾಗಿಲ್ಲ ನೋಡಿ.

ಇನ್ನು ಆ ಗಂಟು. ಹಾಗೆ ಹೋಗೋರು ಕೂಲಿಯವರು. ನಾಲ್ಕು ಎಕರೆ ತೋಟದವನು ತೆಂಗಿನ ಮರ ಹೊತ್ತುಕೊಂಡು ಹೋಗೋಕಾಗುತ್ಯೆ? ಮೊದಲು ಕರು ಮಾರ್ತಾನೆ, ಆಮೇಲೆ ಹಸು. ಆಮೇಲೆ ಮಗ ಬೆಳಗಿನ ರೈಲು ಹತ್ತುತ್ತಾನೆ, ಹಬ್ಬಕ್ಕೆ ಮಾತ್ರ ಬರ್ತಾನೆ. ಇದಕ್ಕೆ ಚಿತ್ರ ಇಲ್ಲ. ನನ್ನ ಮನೇಲೂ ಹೀಗೇ ಆಯ್ತು. ದೊಡ್ಡ ಮಗ ಪೀಣ್ಯದ ಒಂದು ಶೆಡ್ಡಿನಲ್ಲಿದ್ದಾನೆ. ಯಾರಾದರೂ ಕೇಳಿದರೆ 'ಕೆಲಸ ಸಿಕ್ತು' ಅಂತೀನಿ. ವಲಸೆ ಅನ್ನೋಕೆ ಬಾಯಿ ಬರಲ್ಲ. ಗುಳೆ ಹೋಗೋದು ರಾಯಚೂರು, ಯಾದಗಿರಿಯವರು ಅಂತ ನಾವೇ ಅಂದುಕೊಂಡಿದ್ದೀವಿ. ಪತ್ರಕರ್ತರನ್ನ ಮಾತ್ರ ಬೈದರೆ ಹೇಗೆ?

2021ರಲ್ಲಿ ವಿಶ್ವಬ್ಯಾಂಕು ಒಂದು ವರದಿ ಕೊಟ್ಟಿತು. ಹವಾಮಾನದ ದೆಸೆಯಿಂದ 2050ರೊಳಗೆ 21.6 ಕೋಟಿ ಜನದವರೆಗೆ ತಮ್ಮ ದೇಶದೊಳಗೇ ಜಾಗ ಬಿಡಬೇಕಾದೀತು, ಈಗಲೇ ಎಚ್ಚೆತ್ತರೆ ಅದರಲ್ಲಿ ಶೇ. 80ರವರೆಗೂ ತಪ್ಪಿಸಬಹುದು ಅಂತ. ಟೀವಿಯವರಿಗೆ ಕೋಟಿ ಬೇಕು. 'ದೇಶದೊಳಗೇ' ಅನ್ನೋದೂ ಬೇಡ, ಆ 80ರ ಮಾತೂ ಬೇಡ. ದಂಡು ಬರ್ತಾ ಇದೆ ಅನ್ನೋ ಹಾಗೆ ಹೆದರಿಸ್ತಾರೆ.

ನಾವೇನು ಕಮ್ಮಿ? ಬೇಲೂರು, ಸಕಲೇಶಪುರದ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಕೂಲಿಯವರು ಬರ್ತಾರೆ. ಅಲ್ಲಿ ಬ್ರಹ್ಮಪುತ್ರೆ ದಡ ಕೊರೆದು ಹೊಲ, ಮನೆ ನುಂಗುತ್ತೆ. ನಮ್ಮ ಹುಡುಗರು ನೀರಿಲ್ಲದೆ ಹೋದರು, ಅಂಥ ಕಡೆಯವರು ನೀರು ಹೆಚ್ಚಾಗಿ ಬಂದರು. ಟೀವಿ ಅವರನ್ನು ನುಸುಳುಕೋರರು ಅಂದರೆ, ವಿಚಾರಿಸದೆ ನಾವೂ ಹೂಂ ಅಂತೀವಿ. ಹಳ್ಳಿಯವರು ಬಂದು ಬೆಂಗಳೂರು ಕೆಡಿಸಿದರು ಅಂತ ಅಲ್ಲಿಯವರು ಅಂದಾಗ ಮಾತ್ರ ನಮಗೆ ಉರಿಯುತ್ತೆ.

ಮುಂದಿನ ಸಲ ವರದಿಗಾರ ಬಂದರೆ ಕೆರೆ ತೋರಿಸಿ, ಬೇಡ ಅನ್ನಲ್ಲ. ಜೊತೆಗೆ ಸೊಸೈಟಿ ಪಾಸ್‌ಬುಕ್ಕು, ಕೊಬ್ಬರಿ ಮಾರಿದ ಚೀಟಿ ತೋರಿಸಿ. ಯಾವ ಮನೆಯಿಂದ ಯಾರು ಹೋದರು, ಎಷ್ಟು ಸಾಲ ಇತ್ತು, ಆ ವರ್ಷ ದರ ಏನಿತ್ತು, ಊರೂರಲ್ಲೂ ಬರೆದಿಡಿ. ನಮ್ಮೂರಿಂದು ನಾನು ಶುರು ಮಾಡಿದ್ದೀನಿ, ನಮ್ಮ ಮನೆಯಿಂದಲೇ.