ಕೊಳೆರೋಗದ ಚಕ್ರಬಡ್ಡಿ



ಗಣಿತದ ಪಾಠದಲ್ಲಿ ಬರುವ ಘಾತೀಯ ಬೆಳವಣಿಗೆ ಮಲೆನಾಡಿಗರಿಗೆ ಅಪರಿಚಿತವಲ್ಲ. ಸರಳಬಡ್ಡಿಯಲ್ಲಿ ವರ್ಷವರ್ಷವೂ ಕೂಡುವ ಮೊತ್ತ ಒಂದೇ. ಚಕ್ರಬಡ್ಡಿಯಲ್ಲಾದರೋ ಬಡ್ಡಿಯೇ ಅಸಲಿಗೆ ಸೇರಿ ತಾನೂ ಬಡ್ಡಿಯನ್ನು ಹುಟ್ಟಿಸುತ್ತದೆ. ಸಸ್ಯರೋಗ ವಿಜ್ಞಾನಿ ವ್ಯಾಂಡರ್‌ಪ್ಲ್ಯಾಂಕ್ 1963ರ ತಮ್ಮ ಗ್ರಂಥದಲ್ಲಿ ರೋಗಗಳ ಹರಡುವಿಕೆಯನ್ನು ಈ ಎರಡು ಬಡ್ಡಿಗಳಿಗೇ ಹೋಲಿಸಿದರು.

ಅಡಿಕೆಯ ಕೊಳೆರೋಗ ಚಕ್ರಬಡ್ಡಿಯ ಜಾತಿಗೆ ಸೇರಿದ್ದು. ಅದಕ್ಕೆ ಕಾರಣವಾದ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಒದ್ದೆಯಾದ ಕಾಯಿಯ ಮೇಲೆ ಬೀಜಾಣುಗಳನ್ನು ಉತ್ಪಾದಿಸುತ್ತದೆ. ಮಳೆಹನಿ ಮತ್ತು ಗಾಳಿ ಅವನ್ನು ಪಕ್ಕದ ಗೊನೆಗೆ ಒಯ್ಯುತ್ತವೆ. ಹೊಸದಾಗಿ ರೋಗ ತಗುಲಿದ ಗೊನೆಯೂ ಅದೇ ಮಳೆಗಾಲದಲ್ಲಿ ರೋಗವನ್ನು ಹಂಚತೊಡಗುತ್ತದೆ.

ಲೆಕ್ಕಕ್ಕಾಗಿ 1,024 ಗೊನೆಗಳ ತೋಟವೊಂದನ್ನು ಕಲ್ಪಿಸಿಕೊಳ್ಳಿ. ಮೊದಲ ದಿನ ಒಂದೇ ಗೊನೆಗೆ ರೋಗ. ಐದು ದಿನಕ್ಕೊಮ್ಮೆ ಅದು ಇಮ್ಮಡಿಯಾಗುತ್ತದೆಂದು ಭಾವಿಸಿ. ಮೂವತ್ತು ದಿನ ಕಳೆದಾಗ ರೋಗವಿರುವುದು 64 ಗೊನೆಗಳಲ್ಲಿ, ಅಂದರೆ ಹದಿನಾರರಲ್ಲಿ ಒಂದು ಪಾಲು. ತೋಟ ಇನ್ನೂ ಹಸಿರಾಗಿಯೇ ತೋರುತ್ತದೆ. ನಲವತ್ತೈದನೆಯ ದಿನಕ್ಕೆ ಅರ್ಧ ತೋಟ, ಐವತ್ತನೆಯ ದಿನಕ್ಕೆ ಇಡೀ ತೋಟ! ಉಳಿದರ್ಧವನ್ನು ನುಂಗಲು ಐದೇ ದಿನ ಸಾಕು. ವಾಸ್ತವದಲ್ಲಿ ಆರೋಗ್ಯವಂತ ಗೊನೆಗಳು ಕಡಿಮೆಯಾದಂತೆ ವೇಗ ತಗ್ಗುವುದುಂಟು. ಆದರೆ ಅಷ್ಟರಲ್ಲಿ ಬೆಳೆ ನೆಲ ಕಂಡಿರುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ಪಾಠವಿದೆ. ಆರಂಭದಲ್ಲಿ ನಾಲ್ಕು ರೋಗಪೀಡಿತ ಗೊನೆಗಳಿದ್ದು ಎರಡನ್ನು ಮಾತ್ರ ತೆಗೆದರೆ ದೊರೆಯುವ ಬಿಡುವು ಐದು ದಿನ. ಇಮ್ಮಡಿಯಾಗುವ ಅವಧಿಯನ್ನೇ ಐದರಿಂದ ಹತ್ತು ದಿನಕ್ಕೆ ಏರಿಸಿದರೆ, ಒಂದು ಗೊನೆಯಿಂದ ಹೊರಟ ರೋಗ ಐವತ್ತನೆಯ ದಿನದಲ್ಲಿ ಕೇವಲ 32 ಗೊನೆಗಳಲ್ಲಿರುತ್ತದೆ. ಬಿದ್ದ ಕಾಯಿಗಳನ್ನು ಹೆಕ್ಕಿ ನಾಶಪಡಿಸುವುದು ಅಸಲನ್ನು ಕಡಿತಗೊಳಿಸುತ್ತದೆ. ಕೊಟ್ಟೆ ಕಟ್ಟುವುದು, ಬೋರ್ಡೋ ದ್ರಾವಣ ಸಿಂಪಡಿಸುವುದು ಬಡ್ಡಿಯ ದರವನ್ನೇ ಇಳಿಸುತ್ತವೆ. ಎರಡೂ ಅಗತ್ಯ.

ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿ, ಬೋರ್ಡೋ ಸಿಂಪಡಣೆಗೆ ದಾರಿ ತೋರಿದರು. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನವೇ ಆಗಬೇಕು. ಎರಡನೆಯದು 40–45 ದಿನಗಳ ಅನಂತರ. ಈ ದ್ರಾವಣ ಕಾಯಿಗೆ ರೋಗ ತಗುಲದಂತೆ ಕಾಯುತ್ತದೆಯೇ ಹೊರತು ಕೊಳೆತುದನ್ನು ಗುಣಪಡಿಸಲಾರದು.

ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ಮನೆಯ ತೋಟದ ನೂರು ಗೊನೆಗಳನ್ನು ಐದು ದಿನಕ್ಕೊಮ್ಮೆ ಎಣಿಸಿ ನಕ್ಷೆ ಬರೆಯಲಿ. ಗೆರೆ ನೆಲಕ್ಕಂಟಿಕೊಂಡು ಸಾಗುವಾಗಲೇ ಹಿರಿಯರಿಗೆ ತೋರಿಸಲಿ. ಅದು ಮೇಲೆದ್ದ ಮೇಲೆ ತೋರಿಸಿ ಪ್ರಯೋಜನವಿಲ್ಲ.