ಫ್ಯಾರಡೆಯ ಟಿಪ್ಪಣಿ ಪುಸ್ತಕ



ದಿನಕ್ಕೊಂದು ಹೊಸ ವಿಷಯ ಕಲಿಯಬೇಕು, ಕಲಿತದ್ದನ್ನು ಬರೆದಿಡಬೇಕು ಎಂದುಕೊಳ್ಳುವವರ ಮುಂದೆ ನಾನು ಇಡುವ ಹೆಸರು ವಿಜ್ಞಾನಿ ಮೈಕೆಲ್ ಫ್ಯಾರಡೆಯದು. ಲಂಡನ್ನಿನ ಕಮ್ಮಾರನ ಮಗ. ಓದು, ಬರಹ, ಒಂದಿಷ್ಟು ಲೆಕ್ಕ, ಶಾಲೆಯಿಂದ ಸಿಕ್ಕಿದ್ದು ಅಷ್ಟೇ. ಹದಿಮೂರನೆಯ ವಯಸ್ಸಿಗೆ ಜಾರ್ಜ್ ರೀಬೋ ಎಂಬುವರ ಪುಸ್ತಕದಂಗಡಿ ಸೇರಿ, ಆಮೇಲೆ ಅಲ್ಲೇ ಬೈಂಡಿಂಗ್ ಕೆಲಸ ಕಲಿತ. ಹೊಲಿಗೆಗೆ ಬಂದ ಪುಸ್ತಕಗಳನ್ನೇ ಬಿಡುವಿನಲ್ಲಿ ಓದಿದ. ಅವುಗಳಲ್ಲಿ ಐಸಾಕ್ ವಾಟ್ಸ್ ಎಂಬ ಪಾದ್ರಿಯ ಒಂದು ಪುಸ್ತಕವೂ ಇತ್ತು. ಓದಿದ್ದನ್ನು ಬರೆದಿಡು, ತಿಳಿದವರ ಉಪನ್ಯಾಸ ಕೇಳು, ಸಮಾನ ಆಸಕ್ತಿಯ ಗೆಳೆಯನಿಗೆ ಪತ್ರ ಬರೆ ಎಂಬಂಥ ಬುದ್ಧಿಮಾತು ಅದರಲ್ಲಿ. ಇಂಥ ಪುಸ್ತಕಗಳನ್ನು ಓದಿ ತಲೆದೂಗಿ ಮುಚ್ಚಿಡುವವರೇ ನಮ್ಮಲ್ಲಿ ಹೆಚ್ಚು. ಈ ಹುಡುಗ ಹೇಳಿದ್ದನ್ನು ಹೇಳಿದಂತೆ ಮಾಡಿದ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ. ಗೀಚಿಕೊಂಡದ್ದನ್ನು ಮನೆಯಲ್ಲಿ ಕೂತು ಅಚ್ಚುಕಟ್ಟಾಗಿ ಬರೆದು, ಚಿತ್ರ ಸೇರಿಸಿ, ಸುಮಾರು 300 ಪುಟಗಳಿಗೆ ತಾನೇ ಬೈಂಡ್ ಹಾಕಿ ಡೇವಿಗೆ ಕಳಿಸಿದ. ಮರುವರ್ಷ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಯ ಸಹಾಯಕನ ಕೆಲಸ ಸಿಕ್ಕಿತು. ಇಷ್ಟನ್ನು ಶಾಲೆಯ ಪಾಠದಲ್ಲೂ ಓದಿರುತ್ತೇವೆ. ನನಗೆ ಹೆಚ್ಚು ಕುತೂಹಲ ಇರುವುದು ಆಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಆತ ಬರೆದ ಪ್ರಯೋಗಗಳ ದಿನಚರಿಯ ಬಗ್ಗೆ.

1822ರ ಒಂದು ಟಿಪ್ಪಣಿ ಪುಸ್ತಕದಲ್ಲಿ ಪುಟ್ಟ ಸಾಲೊಂದಿದೆ: ಕಾಂತತ್ವವನ್ನು ವಿದ್ಯುತ್ತಾಗಿ ಮಾಡಬೇಕು ಎಂಬ ಅರ್ಥದ್ದು. ಹೇಗೆ ಎಂಬುದು ಆಗ ಗೊತ್ತಿರಲಿಲ್ಲ. ಅದು ಸಾಧ್ಯವಾದದ್ದು 1831ರ ಆಗಸ್ಟ್ 29ರಂದು. ನಮ್ಮ ಜೋಗದಲ್ಲಿ ನೀರು ಟರ್ಬೈನ್ ತಿರುಗಿಸಿ ಕರೆಂಟು ಬರುವುದಕ್ಕೆ ಆಧಾರವಾದ ತತ್ವ ಅದೇ. ಒಂಬತ್ತು ವರ್ಷ ಉತ್ತರವಿಲ್ಲದ ಸಾಲೊಂದು ಪುಸ್ತಕದಲ್ಲಿ ಸುಮ್ಮನೆ ಕೂತಿತ್ತು. ಇವತ್ತು ಏನು ಕಲಿತೆ ಎಂದು ಬರೆಯುವವರು ಏನು ತಿಳಿಯಲಿಲ್ಲ ಎಂಬುದಕ್ಕೂ ಒಂದು ಸಾಲು ಕೊಡಬೇಕು ಅನ್ನಿಸುವುದು ಇದಕ್ಕೇ.

1832ರಿಂದ ಆತ ದಿನಚರಿಯ ಪ್ರತಿ ಪ್ಯಾರಾಗೂ ಅಂಕಿ ಹಾಕತೊಡಗಿದ. 1860ರ ಹೊತ್ತಿಗೆ ಅದು ಹದಿನಾರು ಸಾವಿರ ದಾಟಿತ್ತು. ಈಗಿನ ಮೊಬೈಲ್ ಆ್ಯಪ್‌ಗಳೂ ಅಂಕಿ ತೋರಿಸುತ್ತವೆ: ಸತತ ಇಷ್ಟು ದಿನ ಕಲಿತಿರಿ, ಶಭಾಷ್! ಒಂದು ದಿನ ಜ್ವರ ಬಂದು ಮಲಗಿದರೆ ಅಂಕಿ ಸೊನ್ನೆಗೆ ಬರುತ್ತದೆ, ಅದರ ಜೊತೆ ನಮ್ಮ ಉತ್ಸಾಹವೂ. ಫ್ಯಾರಡೆಯ ಅಂಕಿ ಮನೆಗೆ ಹಾಕಿದ ಡೋರ್ ನಂಬರಿನಂಥದ್ದು. ಇವತ್ತಿನ ಪ್ರಯೋಗ ಬರೆಯುವಾಗ ಹಳೆಯ ಪ್ಯಾರಾದ ಸಂಖ್ಯೆ ನಮೂದಿಸಿದರೆ ಸಾಕು, ನೇರ ಅಲ್ಲಿಗೆ ಹೋಗಬಹುದು. ಆತನಿಗೆ ಅದು ಬೇಕೂ ಇತ್ತು. ನೆನಪು ಕೈಕೊಡುತ್ತಿದೆ ಎಂದು ಗೆಳೆಯರಿಗೆ ಬರೆದ ಪತ್ರಗಳಲ್ಲಿ ಮತ್ತೆ ಮತ್ತೆ ಹೇಳಿಕೊಂಡಿದ್ದಾನೆ. ಮಧ್ಯೆ ಕಾಯಿಲೆಯಿಂದ ಸಂಶೋಧನೆ ನಿಂತ ಕಾಲವೂ ಇದೆ. ಸುಧಾರಿಸಿಕೊಂಡ ಮೇಲೆ ಕೆಲಸ ಮುಂದುವರಿಯಿತು.

ಕೈಗೂಡದ ಪ್ರಯೋಗಗಳಿಗೂ ಆ ಪುಸ್ತಕದಲ್ಲಿ ಅಷ್ಟೇ ಜಾಗ. ಗುರುತ್ವಾಕರ್ಷಣೆಗೂ ವಿದ್ಯುತ್ತಿಗೂ ನಂಟಿದೆಯೇ ಎಂದು 1849ರಲ್ಲಿ ವಸ್ತುಗಳನ್ನು ಮೇಲಿಂದ ಬೀಳಿಸಿ ನೋಡಿದ, ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದೇ ಬರೆದ, ಪ್ರಕಟಿಸಿಯೂ ಬಿಟ್ಟ.

1862ರ ಮಾರ್ಚ್‌ನಲ್ಲಿ, ಎಪ್ಪತ್ತರ ಇಳಿವಯಸ್ಸಿನಲ್ಲಿ, ಜ್ವಾಲೆಯೊಂದನ್ನು ಬಲವಾದ ವಿದ್ಯುತ್ಕಾಂತದ ನಡುವೆ ಇಟ್ಟು ಅದರ ಬೆಳಕಿನ ರೋಹಿತದಲ್ಲಿ ಬದಲಾವಣೆ ಆಗುತ್ತದೆಯೇ ಎಂದು ನೋಡಿದ. ಆಗಲಿಲ್ಲ. ಅದನ್ನೂ ಬರೆದಿಟ್ಟ. ಮುಂದೆ ನೆದರ್‌ಲ್ಯಾಂಡ್ಸಿನ ಭೌತವಿಜ್ಞಾನಿ ಪೀಟರ್ ಜೀಮನ್ ಆ ವಿಷಯವನ್ನು ಇನ್ನೊಬ್ಬ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ಲನ ಬರಹವೊಂದರಲ್ಲಿ ಓದಿದ. ಫ್ಯಾರಡೆಯಂಥವನಿಗೆ ಹೊಳೆದ ವಿಚಾರವಾದರೆ ಈಗಿನ ಉತ್ತಮ ಉಪಕರಣದಲ್ಲಿ ಮತ್ತೊಮ್ಮೆ ನೋಡಬಹುದಲ್ಲ ಎಂದು 1896ರಲ್ಲಿ ಪ್ರಯೋಗಕ್ಕೆ ಕೂತ. ಈ ಬಾರಿ ಬದಲಾವಣೆ ಕಂಡಿತು: ಸೋಡಿಯಂ ಜ್ವಾಲೆಯ ರೋಹಿತದ ರೇಖೆಗಳು ಅಗಲವಾದವು. 1902ರಲ್ಲಿ ಜೀಮನ್‌ಗೂ ಆತನ ಗುರು ಲೊರೆಂಟ್ಸ್‌ಗೂ ಸೇರಿ ನೊಬೆಲ್ ಬಂತು.